ಅಪ್ಪಾ, ಇಲ್ಲೂ ವಿಠ್ಠಲ ಅಂದ್ವಿ

ನೈರೋಬಿ, ಕೆನ್ಯಾ
ಆಷಾಢ ಶುದ್ಧ ದ್ವಾದಶಿ

ತೀರ್ಥರೂಪ ಅಪ್ಪಾರಿಗೆ, ಮಾತೋಶ್ರೀ ಅವ್ವಗ ನಿಮ್ಮ ಹಿರಿಮಗಳ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ.

ಫೋನಿನ್ಯಾಗ ಅಪ್ಪಗ ನನ್ನ ಮಾತು ಸರಿಯಾಗಿ ಕೇಳ್ಸೂದಿಲ್ಲ. ಹೇಳಬೇಕಾದದ್ದೂ ಫೋನಿನ್ಯಾಗ ಮುಗಿಯೂವಂಥಾದ್ದಲ್ಲ. ಅದಕ್ಕ ಕೂತು ಬರ್ಯಾಕ ಹತ್ತೀನಿ. ಈ ಹಾಳಿಗಳ ಫೋಟೋ ತೆಗದು ತಮ್ಮನ ಮೊಬೈಲಿಗೆ ಕಳಸ್ತೀನಿ. ಸಂಜಿಮುಂದ ಭಜನಿಗೆ ಎಲ್ಲಾರೂ ಕೂಡಿದಾಗ ಅವನ ಮಗಳ ಕಡೆಯಿಂದ ಓದಸ್ರಿ. ಮಂಡಳಿಯವರೂ ಕೇಳಲಿ.

ಅವ್ವಾ, ಮೊದಲ ನಿನ್ನ ಚಿಂತಿ ಕಳೀತೀನಿ. ಊಟಕ್ಕ ಏನೂ ಕಡಿಮಿ ಇಲ್ಲ. ನೀ ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಇನ್ನೂ ಅದಾವ. ಪ್ಲಾಸ್ಟಿಕ್ ಚೀಲದಾಗ ಇದ್ದದ್ದನ್ನೆಲ್ಲಾ ಮುಂಬೈದಾಗ ವಿಮಾನ ಹತ್ತೂ ಮೊದಲ ಅರಿವಿ ಚೀಲಕ್ಕ ಹಾಕಿದ್ವಿ, ಯಾಕಂದ್ರ ಈ ದೇಶದಾಗ 2017ರಿಂದ ಪ್ಲಾಸ್ಟಿಕ್ ಕೈಚೀಲ ಪೂರ್ತಿ ಬಂದ್. ಕಾಡಿನ್ಯಾಗಂತೂ ನೀರಿನ ಪ್ಲಾಸ್ಟಿಕ್ ಬಾಟಲಿನೂ ಒಯ್ಯಾಕ ಬಿಡೂದಿಲ್ಲ, ಸ್ಟೀಲಿನ ಬಾಟಲಿನ ಬೇಕು. ನಮ್ಮ ಕೃಷ್ಣಾ, ಘಟಪ್ರಭಾ ದಂಡಿ ನೆನಪಾಗಿ ಹೊಟ್ಟಿ ಉರೀತು. ಇಲ್ಲಿಯವರ ದಿನದ ಊಟ ಉಗಾಲಿ, ಅಂದ್ರ ಗೋವಿನಜ್ವಾಳದ ಹಿಟ್ಟಿನ ಗಟ್ಟಿ ಮುದ್ದಿ. ಜೊತಿಗೆ ಹಸರ ತಪ್ಪಲ ಪಲ್ಯ. ಚಪಾತಿ ಮತ್ತ ಹಾಲು ಹಾಕಿದ ಚಹಾ ಸಣ್ಣ ಹೋಟೆಲಿನ್ಯಾಗೂ ಸಿಗತಾವ. ನಿನ್ನೆ ಏಕಾದಶಿಗೆ ಗೆಣಸು ಕುದಿಸಿ ತಿಂದ್ವಿ, ಬಾಳಿಹಣ್ಣಿತ್ತು, ಶೇಂಗಾ ಇತ್ತು. ಜುಲೈ ತಿಂಗಳು ಇಲ್ಲಿ ಚಳಿಗಾಲ, ಊರು ಎತ್ತರದ ಮ್ಯಾಲ ಐತಿ, ಸ್ವೆಟರ್ ಬಿಚ್ಚಿಲ್ಲ. ಹಳದಿ ಜ್ವರದ ಲಸಿಕಿ ಕಾರ್ಡ್ ಭದ್ರ ಇಟ್ಟೀನಿ, ತಿರುಗಿ ಬರೂವಾಗ ಮುಂಬೈದಾಗ ಅದನ್ನ ತೋರಸಬೇಕು. ಇವರಿಗೂ ಆರಾಮ ಐತಿ.

ಅಪ್ಪಾ, ಹೊರಡೂ ದಿನ ನೀವು ಬಾಗಲಾಗ ನಿಂತು ಕೇಳಿದ್ರಿ, "ಆಷಾಢದಾಗ ಪಂಢರಪುರಕ್ಕ ಹೋಗೂದು ಬಿಟ್ಟು ಸಿಂಹ ನೋಡಾಕ ಹೊಂಟೀಯಲ್ಲ, ಅಲ್ಲಿ ನಾಮ ಯಾರಿಗೆ ಹೇಳ್ತಿ?" ಅಂತ. ಆಗ ಗಾಡಿಗೆ ಹೊತ್ತಾಗಿತ್ತು. ಉತ್ತರ ಈಗ ಬರೀತೀನಿ.

ನೈರೋಬಿಯಿಂದ ಮುಂಜಾನೆ ಬಿಟ್ರ ಮಧ್ಯಾಹ್ನದ ಊಟದ ಹೊತ್ತಿಗೆ ಮಸಾಯ್ ಮಾರಾ ಮುಟ್ಟಬಹುದು. ದಾರ್ಯಾಗ ರಿಫ್ಟ್ ಕಣಿವಿ ಇಳದು, ನರೋಕ್ ಅನ್ನೂ ಊರು ದಾಟಿದ್ರ ಮೊದಲ ಗೋದಿ ಹೊಲ, ಆಮ್ಯಾಲ ಬರೇ ಹುಲ್ಲು. ಮಾರಾ ಅಭಯಾರಣ್ಯ ಸುಮಾರು 1,500 ಚದರ ಕಿಲೋಮೀಟರ್ ಐತಿ. ದಕ್ಷಿಣಕ್ಕ ಟಾಂಜಾನಿಯಾ ದೇಶದ ಸೆರೆಂಗೆಟಿ. ಎರಡು ದೇಶದ ಗಡಿ ಇದ್ರೂ ನಡುವ ಬೇಲಿ ಇಲ್ಲ, ಅದಕ್ಕನ ಪ್ರಾಣಿಗಳ ನಡಿಗಿ ಇನ್ನೂ ಉಳದೈತಿ. ವಿಲ್ಡಬೀಸ್ಟ್ ಅಂತ ಗಡ್ಡ ಇರೂ ಪ್ರಾಣಿ, ಮುಂದಿನ ಮೈ ಎತ್ತರ, ಹಿಂದಿನ ಮೈ ಇಳಿಜಾರ. ಹತ್ತು ಲಕ್ಷಕ್ಕೂ ಹೆಚ್ಚು ಅದಾವ. ವರ್ಷದ ಮೊದಲ ಎರಡು ಮೂರು ತಿಂಗಳದಾಗ ಸೆರೆಂಗೆಟಿಯ ದಕ್ಷಿಣದ ಬಯಲಾಗ ಕರು ಹಾಕ್ತಾವ, ಆಮ್ಯಾಲ ಮಳಿ ಬಿದ್ದ ಕಡೆ ಹುಲ್ಲು ಹುಡಕ್ಕೋತ ಉತ್ತರಕ್ಕ ನಡೀತಾವ, ಜುಲೈ ಹೊತ್ತಿಗೆ ಮಾರಾ ನದಿ ಮುಟ್ಟತಾವ. ಅಕ್ಟೋಬರ್ ಸುಮಾರಿಗೆ ತಿರುಗಿ ದಕ್ಷಿಣದ ದಾರಿ ಹಿಡೀತಾವ. ಜೊತಿಗೆ ಲಕ್ಷಗಟ್ಟಲೆ ಜಿಬ್ರಾ.

ನಾವು ಹೋದ ದಿನ ಒಂದು ಹಿಂಡು ನದಿ ದಂಡಿ ಮಟಾ ಬಂತು. ನೀರಾಗ ಮೊಸಳಿ ಬಿದ್ದಿದ್ವು. ಎಲ್ಲಾಕ್ಕಿಂತ ಮುಂದಿದ್ದದ್ದು ದಂಡಿ ಮ್ಯಾಲ ಮುಂಗಾಲು ಊರಿ ನೀರಿನ ಕಡೆ ಮೂಗು ಚಾಚಿ ನಿಂತ್ತು. ಹಿಂದಿನವು ನೂಕತಿದ್ವು. ಅದು ಹಾರಲಿಲ್ಲ. ಭಾಳ ಹೊತ್ತು ಹಿಂಗ ಆಗಿ, ಕಡೀಕ ಇಡೀ ಹಿಂಡು ದೂಳ ಎಬ್ಬಿಸಿ ತಿರುಗಿ ಹೋತು. ಜೊತಿಗಿದ್ದವರು, ದಾಟೂದು ನೋಡಾಕ ಸಿಗಲಿಲ್ಲ ಅಂತ ಬ್ಯಾಸರ ಮಾಡ್ಕೊಂಡ್ರು. ನನಗ ಹಂಗ ಅನಸಲಿಲ್ಲ. ಸಾವಿನ ಮುಂದ ನಿಂತ ಪ್ರಾಣಿ ಹೆಂಗ ಅಳೀತೈತಿ, ಹೆಂಗ ಹಿಂದ ಸರೀತೈತಿ ಅನ್ನೂದನ್ನ ಅಷ್ಟು ಹತ್ತಿರದಿಂದ ಕಂಡೆ. ಅದರ ಮೂಗಿನ ಹೊಳ್ಳಿ ಅರಳೂದು, ಮುಚ್ಚೂದು ಸೈತ ಕಂಡೆ.

ಇನ್ನ ಶಿವಂಗಿ, ಅಂದ್ರ ಚೀತಾ. ಅಪ್ಪಾ, ಇದನ್ನ ನೀವು ನೋಡಬೇಕಾಗಿತ್ತು. ಒಂದು ಹುತ್ತದ ಮ್ಯಾಲ ತಾಯಿ ಕೂತಿತ್ತು, ಕೆಳಗ ಹುಲ್ಲಾಗ ಮರಿಗಳು. ಆಳದ ಎದಿ, ಹಿಡಿಯಷ್ಟು ನಡಾ, ಉದ್ದನ್ನ ಕಾಲು, ಸಣ್ಣ ತಲಿ. ನಮ್ಮ ಮುಧೋಳ ನಾಯಿಗೆ ಚುಕ್ಕಿ ಇಟ್ಟು ಬೆಕ್ಕಿನ ಮುಖಾ ಕೊಟ್ಟಂಗ. ಕಣ್ಣಿನ ಒಳಮೂಲಿಯಿಂದ ಬಾಯಿ ಮಟಾ ಕರೀ ಗೆರಿ ಇಳದಿತ್ತು. ಮರಿಗಳ ಬೆನ್ನ ಮ್ಯಾಲ ಬೂದಿಬಣ್ಣದ ಉದ್ದ ಕೂದಲ, ದೊಡ್ಡವಾದ ಮ್ಯಾಲ ಅದು ಉದುರತೈತಂತ. ತಾಯಿ ಮರಿ ಕರೀತು ನೋಡ್ರಿ, ಅದು ಚಿಂವ್ ಚಿಂವ್ ಅನ್ನೂ ಹಕ್ಕಿ ದನಿ! ಸಿಂಹದಂಗ ಗರ್ಜಿಸೂದು ಅದರ ಗಂಟಲಿಗೆ ಬಂದಿಲ್ಲ.

ಈ ಪ್ರಾಣಿ ಒಂದು ಕಾಲಕ್ಕ ನಮ್ಮ ದೇಶದಾಗೂ ಇತ್ತಲ್ಲ. ಕೊಲ್ಹಾಪುರದ ಮಹಾರಾಜರು ಶಿವಂಗಿ ಸಾಕಿ ಚಿಗರಿ ಬ್ಯಾಟಿ ಆಡಸ್ತಿದ್ರು. ನಮ್ಮವು ಸಿಗದಂಗ ಆದ ಮ್ಯಾಲ ಆಫ್ರಿಕಾದಿಂದ ತರಸ್ತಿದ್ರು. 1952ರಾಗ ಭಾರತದಾಗ ಶಿವಂಗಿ ಉಳದಿಲ್ಲ ಅಂತ ಸರ್ಕಾರನ ಹೇಳಿತು. 2022ರಾಗ ನಮೀಬಿಯಾದಿಂದ ಎಂಟು ತಂದು ಮಧ್ಯಪ್ರದೇಶದ ಕುನೋ ಕಾಡಿನ್ಯಾಗ ಬಿಟ್ಟಾರ. ಕಳಕೊಂಡದ್ದನ್ನ ತಿರುಗಿ ತರೂದು ಎಷ್ಟು ಕಷ್ಟ ನೋಡ್ರಿ.

ನಾವು ಉಸರು ಬಿಗಿ ಹಿಡದು ನೋಡೂವಾಗ ಇನ್ನೊಂದು ಗಾಡಿ ಬಂತು. ಒಳಗಿದ್ದವರು ನಮ್ಮ ದೇಶದವರ. ಸ್ಪೀಕರ್ ಹಚ್ಚಿ ಭಜನಿ ಜೋರ ಹಾಕಿದ್ರು, ಮ್ಯಾಲ ಚಪ್ಪಾಳಿ. ಶಿವಂಗಿ ಎದ್ದು ನಿಂತು ಕಿವಿ ಹಿಂದಕ್ಕ ಮಾಡ್ತು. ಅದು ಮುಂಜಾನಿಯಿಂದ ಕಣ್ಣಿಟ್ಟಿದ್ದ ಚಿಗರಿ ಹಿಂಡು ತಲಿ ಎತ್ತಿ ಸರ್ರಂತ ದೂರ ಹೋತು. ನಾ ಕೈಸನ್ನಿ ಮಾಡಿ, ಹಿಂದಿಯಾಗ ಮೆಲ್ಲಗ "ಬಂದ್ ಮಾಡ್ರಿ" ಅಂದೆ. ಅವರೊಳಗ ಒಬ್ರು, "ದೇವರ ನಾಮ ಕಿವಿಗೆ ಬಿದ್ರ ಪ್ರಾಣಿಗೂ ಪುಣ್ಯ ಬರ್ತೈತಿ" ಅಂದ್ರು. ಮನಸ್ಸಿಗೆ ಭಾಳ ನೋವಾತು ಅಪ್ಪಾ. ಹಸದ ಬಾಣಂತಿ ಮುಂದಿನ ತುತ್ತು ಓಡಿಸಿದ್ರ ಅದು ಯಾವ ಪುಣ್ಯ? ಶಿವಂಗಿ ಬ್ಯಾಟಿ ಆಡೂದು ಹೆಚ್ಚಾಗಿ ಹಗಲಿನ್ಯಾಗ. ಹಿಡದ ಬ್ಯಾಟಿನೂ ಸಿಂಹ, ಕತ್ತೆಕಿರುಬ ಬಂದ್ರ ಬಿಟ್ಟು ಓಡಬೇಕು, ಅವುಗಳ ಜೊತಿ ಹೊಡದಾಡೂ ಶಕ್ತಿ ಅದಕ್ಕಿಲ್ಲ. ಇದರ ಮ್ಯಾಲ ಗಾಡಿಗಳೂ ಮುತ್ತಿದ್ರ ಮರಿ ಉಪವಾಸ ಬೀಳ್ತಾವ. ಅದಕ್ಕನ ಒಂದು ಪ್ರಾಣಿ ಸುತ್ತ ಐದಕ್ಕಿಂತ ಹೆಚ್ಚು ಗಾಡಿ ನಿಲ್ಲಬಾರದು, ಗದ್ದಲ ಮಾಡಬಾರದು ಅಂತ ಇಲ್ಲಿ ಕಾಯ್ದೆ ಮಾಡ್ಯಾರ. ನಾ ಇಷ್ಟೂ ಅವರಿಗೆ ಹೇಳಿದೆ. ಅವರು ಸ್ಪೀಕರ್ ಬಂದ್ ಮಾಡಿದ್ರು, ಸಿಟ್ಟಾಗಲಿಲ್ಲ.

ಸಪ್ತಾಹದಾಗ ನೀವ ಹೇಳ್ತಿದ್ರಿ, ಜಪ ಮೂರು ನಮೂನಿ ಅಂತ. ಎಲ್ಲಾರಿಗೂ ಕೇಳೂವಂಥ ವಾಚಿಕ, ತುಟಿ ಅಷ್ಟ ಅಲುಗೂ ಉಪಾಂಶು, ಮನಸ್ಸಿನ್ಯಾಗ ನಡಿಯೂ ಮಾನಸ. ಮೂರರಾಗ ಮಾನಸ ಜಪನ ಹೆಚ್ಚಿಂದು ಅಂತಿದ್ರಿ. ಊರಾಗ ತಾಳ, ತಬಲಾ, ಹಾರ್ಮೋನಿಯಂ ನಡುವ ಬೆಳದ ನನಗ ಅದು ಕಿವಿಗೆ ಬಿದ್ದಿತ್ತು, ಒಳಗ ಇಳದಿರಲಿಲ್ಲ. ಮಾರಾದ ಬಯಲಾಗ ಗಾಡಿ ಇಂಜಿನ್ ಬಂದ್ ಮಾಡಿ ಕೂತಾಗ ಇಳೀತು. ಕಾಡಿನ್ಯಾಗ ನಾಮ ಯಾರಿಗೂ ಹೇಳಬೇಕಾಗಿಲ್ಲ ಅಪ್ಪಾ. ಬಾಯಿ ಮುಚ್ಚಿ, ಕಣ್ಣು ತೆರದು, ಒಳಗ ರಾಮಕೃಷ್ಣ ಹರಿ ಅಂದ್ಕೋತ ಕೂಡಬೇಕು. ಉಸರಿಗೊಂದು ನಾಮ ಕೂಡಿದಾಗ ನೋಡೂ ಕಣ್ಣೂ ನಿಲ್ತೈತಿ. ಹುಲ್ಲಾಗಿನ ಕಿವಿ, ಗಿಡದ ನೆರಳಾಗಿನ ಬಾಲ ಮೊದಲ ಕಾಣತಿರಲಿಲ್ಲ, ಆಮ್ಯಾಲ ಕಾಣಾಕ ಹತ್ತಿದ್ವು. ನಮ್ಮ ನೀಲಕಂಠ ಹಕ್ಕಿ ಬಳಗದ್ದ ಇನ್ನೊಂದು ಹಕ್ಕಿ ಇಲ್ಲಿ ಐತಿ, ಎದಿ ಮಾತ್ರ ನಸುನೇರಳಿ ಬಣ್ಣ. ಒಣಟೊಂಗಿ ಮ್ಯಾಲಿಂದ ರೆಕ್ಕಿ ಬಿಚ್ಚಿತು ಅಂದ್ರ ನೀಲಿ ಕಣ್ಣು ಕುಕ್ಕತೈತಿ. ದಸರಾ ದಿನ ಹೊಲಕ್ಕ ಹೋಗಿ ನೀಲಕಂಠನ ದರ್ಶನ ಮಾಡ್ಸತಿದ್ರೆಲ್ಲ, ಹಂಗ ಕೈ ಮುಗದೆ.

ಹಂಗಂತ ದನಿ ತೆಗದು ಹಾಡಲಿಲ್ಲ ಅಂತ ತಿಳಿಬ್ಯಾಡ್ರಿ. ಮಂದಿ ಇದ್ದಲ್ಲಿ ಮನಸಾರೆ ಹಾಡೀನಿ.

ನಾವು ಇದ್ದ ಟೆಂಟಿನ ಕ್ಯಾಂಪಿಗೆ ಬೇಲಿ ಇರಲಿಲ್ಲ. ಕತ್ತಲಾದ ಮ್ಯಾಲ ಹೊರಗ ಕಾಲಿಡಬೇಕಂದ್ರ ಕೋಲು, ಬ್ಯಾಟರಿ ಹಿಡದ ಮಸಾಯ್ ಬುಡಕಟ್ಟಿನ ಕಾವಲುಗಾರರು ಜೊತಿಗೆ ಬರ್ತಾರ. ಕೆಂಪು ಶಾಲು ಹೊದ್ದ ಎತ್ತರದ ಮಂದಿ. ಆಕಳಂದ್ರ ಅವರಿಗೆ ಜೀವ. ಲೋಕದ ಆಕಳನ್ನೆಲ್ಲಾ ಎಂಕಾಯ್ ದೇವರು ತಮ್ಮ ಕೈಯಾಗ ಕೊಟ್ಟಾನ ಅಂತ ಅವರ ನಂಬಿಗಿ. ಕಾಡಪ್ರಾಣಿ ಮಾಂಸ ತಿನ್ನೂದು ಅವರ ಪದ್ಧತಿ ಅಲ್ಲ, ತಮ್ಮ ದನಾ ಕುರಿ ಅಷ್ಟ. ಇವರ ಹುಲ್ಲುಗಾವಲಿನ್ಯಾಗ ಇಷ್ಟು ಕಾಡಪ್ರಾಣಿ ಉಳಿಯಾಕ ಅದೂ ಒಂದು ಕಾರಣ. ಈಗಂತೂ ಅಭಯಾರಣ್ಯದ ಸುತ್ತಲಿನ ಭೂಮಿಯನ್ನ ಮಸಾಯ್ ಮನೆತನದವರು ಪ್ರಾಣಿಗಳಿಗೆ ಅಂತ ಬಿಟ್ಟುಕೊಟ್ಟು, ಪ್ರವಾಸಿ ಕಂಪನಿಗಳಿಂದ ತಿಂಗಳಾ ಬಾಡಿಗಿ ತಗೋತಾರ. ನಮ್ಮ ಕಡೆ ರೈತರಿಗೂ ಹಿಂಗೇನರ ಮಾಡಬಾರದ ಅನಸ್ತು.

ಒಂದು ಸಂಜಿ ಅವರು ಹಾಡಿದ್ರು. ಒಬ್ಬ ಮುಂದಾಳು ಎತ್ತಿಕೊಡ್ತಾನ, ಉಳದವರು ಗಂಟಲಿನ ಆಳದಿಂದ ಹೂಂಕಾರ ಹಿಡೀತಾರ. ವಾದ್ಯ ಒಂದೂ ಇಲ್ಲ, ನೆಲಾ ನಡಗಿದಂಗ ಆಗ್ತೈತಿ. ಮುಗದ ಮ್ಯಾಲ ನಮಗ ಹಾಡ್ರಿ ಅಂದ್ರು. ಊಟದ ಡೇರೆಯೊಳಗನ ಕೂತು, ತಾಳ ಮೆಲ್ಲಗ ಹಾಕಿ, ಇವರು ಟೇಬಲ್ ಮ್ಯಾಲನ ಠೇಕಾ ಹಿಡದ್ರು, ನಾ "ವಿಠ್ಠಲ ವಿಠ್ಠಲ" ಎತ್ತಿಕೊಂಡೆ. ಎರಡು ಸುತ್ತು ಕೇಳಿದ್ರು, ಮೂರನೇದಕ್ಕ ತಿರುಗಿ ಹೇಳಿದ್ರು. ಯಾರೂ ಕಲಿಸಬೇಕಾಗಲಿಲ್ಲ, ಎತ್ತಿಕೊಡೂದು, ತಗೊಳ್ಳೂದು ಅವರ ರಕ್ತದಾಗನ ಐತಿ. ಒಬ್ಬ ಕಾವಲುಗಾರ, ಈ ಹೆಸರು ಯಾರದು ಅಂತ ಕೇಳಿದ. ಪುಂಡಲೀಕನ ಕಥಿ ಹೇಳಿದೆ. ತಾಯಿ ತಂದಿ ಸೇವಾದಾಗ ಇದ್ದ ಮಗ, ಬಾಗಲಿಗೆ ಬಂದ ದೇವರಿಗೆ ಇಟ್ಟಂಗಿ ಒಗದು "ಇದರ ಮ್ಯಾಲ ನಿಂದರು" ಅಂದದ್ದು, ದೇವರು ಸೊಂಟದ ಮ್ಯಾಲ ಕೈ ಇಟ್ಟು ನಿಂತದ್ದು. ಅವ ತನ್ನ ಭಾಷಾದಾಗ ಉಳದವರಿಗೆ ಹೇಳಿದ. ಅವರೊಳಗಿನ ಹಿರಿಯ ಒಬ್ಬ ಎದ್ದು ನಿಂತು ತಾನೂ ಸೊಂಟದ ಮ್ಯಾಲ ಕೈ ಇಟ್ಟು ತೋರಿಸಿ, ಹಿಂಗನ ಅಂತ ಕೇಳಿದ. ಹೌದು ಅಂದೆ. ಅವನ ಮುಖಾ ಅರಳಿದ್ದು ನೋಡಿ ನನ್ನ ಕಣ್ಣಾಗ ನೀರು ಬಂತು. ಅವರು ಚರ್ಚಿಗೆ ಹೋಗೂ ಮಂದಿ, ಅವರ ದೇವರು ಅವರಿಗೆ ಇರಲಿ. ನಾವು ಯಾರ ದೇವರನ್ನೂ ಬದಲಿ ಮಾಡಾಕ ಬಂದವರಲ್ಲ. ಅವರ ಹಾಡು ನಾವು ಕೇಳಿದ್ವಿ, ನಮ್ಮ ನಾಮ ಅವರು ತಗೊಂಡ್ರು.

ನೈರೋಬಿಗೆ ತಿರುಗಿ ಬಂದ ಮ್ಯಾಲ ಆನಿಮರಿ ಅನಾಥಾಲಯಕ್ಕ ಹೋಗಿದ್ವಿ. ಶೆಲ್ಡ್ರಿಕ್ ಅನ್ನೂ ಸಂಸ್ಥೆ, 1977ರಿಂದ ನಡದೈತಿ. ದಂತದ ಆಸೆಗೆ ತಾಯಿನ ಕೊಂದಾಗ, ಇಲ್ಲಾ ಬರಗಾಲಕ್ಕ ತಾಯಿ ಸತ್ತಾಗ ಉಳದ ಮರಿಗಳನ್ನ ತಂದು ಬೆಳಸಿ ತಿರುಗಿ ಕಾಡಿಗೆ ಬಿಡ್ತಾರ. ಆಕಳ ಹಾಲು ಅವಕ್ಕ ಒಗ್ಗೂದಿಲ್ಲ. ಡ್ಯಾಫ್ನೀ ಶೆಲ್ಡ್ರಿಕ್ ಅನ್ನೂ ತಾಯಿ ವರ್ಷಗಟ್ಟಲೆ ಒದ್ದಾಡಿ, ತೆಂಗಿನೆಣ್ಣಿ ಕೂಡಿಸಿದ ಹಾಲು ಒಗ್ಗತೈತಿ ಅಂತ ಕಂಡುಹಿಡದ್ರು. ರಾತ್ರಿ ಮರಿ ಒಂದ ಇದ್ರ ಅಂಜತೈತಿ ಅಂತ ಕೊಟ್ಟಿಗಿಯೊಳಗ ಅದರ ಬಾಜೂಕ ಮನಶ್ಯಾರು ಮಲಗತಾರ. ಒಂದು ಮರಿ ಸೊಂಡಿ ಎತ್ತಿ ಬಾಟಲಿ ಹಾಲು ಕುಡಿಯೂವಾಗ ಅದರ ಕಣ್ಣಿನ ರೆಪ್ಪಿ ನೋಡ್ದೆ ಅಪ್ಪಾ, ಉದ್ದನ್ನವು, ಕೆಂಪು ಮಣ್ಣು ಹತ್ತಿದ್ವು. ನೀವು ಗಜೇಂದ್ರಮೋಕ್ಷ ಹೇಳೂವಾಗ ದನಿ ತುಂಬಿ ಬರ್ತಿತ್ತಲ್ಲ, ಅದು ಕಿವ್ಯಾಗ ಕೂತು ಬಿಟ್ಟಿತು. ಆ ಅನಾಥಾಲಯ ಇರೂ ನೈರೋಬಿ ರಾಷ್ಟ್ರೀಯ ಉದ್ಯಾನದಾಗನ 2016ರಾಗ ಈ ಸರ್ಕಾರ 105 ಟನ್ ಆನಿದಂತ ಸುಟ್ಟು ಬೂದಿ ಮಾಡ್ತು. ಮಾರಿದ್ರ ರೊಕ್ಕ ಬರ್ತಿತ್ತು, ರೊಕ್ಕ ಬಂದ್ರ ಮತ್ತ ಆನಿ ಸಾಯತಿದ್ವು. ಸುಟ್ಟದ್ದ ಸರಿ ಅಂತೀನಿ ನಾ.

ಈ ಊರಾಗ ನಮ್ಮವರು ಹೆಂಗ ಬಂದ್ರು ಅಂತ ತಮ್ಮ ಕೇಳಿದ್ದ. 1896ರಿಂದ ಬ್ರಿಟಿಷರು ಮೊಂಬಾಸಾ ಬಂದರದಿಂದ ವಿಕ್ಟೋರಿಯಾ ಸರೋವರದ ಮಟಾ ರೈಲು ಹಾಕಿದ್ರು. ಅದಕ್ಕ ಹಿಂದೂಸ್ತಾನದಿಂದ ಮೂವತ್ತು ಸಾವಿರಕ್ಕೂ ಹೆಚ್ಚು ಕೂಲಿಗಳನ್ನ ತಂದಿದ್ರು. ರೋಗದಿಂದ, ಅಪಘಾತದಿಂದ, ತ್ಸಾವೋ ಅನ್ನೂ ಕಡೆ ನರಭಕ್ಷಕ ಸಿಂಹಗಳ ಬಾಯಿಂದ ಭಾಳ ಮಂದಿ ಸತ್ರು. ಉಳದವರು ಕೆಲವರು ಇಲ್ಲೇ ನಿಂತ್ರು, ಗುಜರಾತಿನಿಂದ ವ್ಯಾಪಾರಸ್ಥರು ಬಂದ್ರು, ಗುಡಿ ಕಟ್ಟಿದ್ರು. 2017ರಾಗ ಕೆನ್ಯಾ ಸರ್ಕಾರ ಇವರನ್ನ ದೇಶದ 44ನೇ ಬುಡಕಟ್ಟು ಅಂತ ಒಪ್ಕೊಂಡೈತಿ. ಇಸ್ಕಾನ್ ಕಟ್ಟಿದ ಪ್ರಭುಪಾದರು 1971ರಾಗ ನೈರೋಬಿಗೆ ಬಂದಿದ್ರು. ಕೀರ್ತನಿ ಹಿಂದೂಸ್ತಾನದವರೊಳಗ ಉಳಿಬಾರದು, ಇಲ್ಲಿಯ ಆಫ್ರಿಕನ್ ಮಂದಿಗೂ ಮುಟ್ಟಬೇಕು ಅಂತ ಅವರ ಹಟ ಇತ್ತು.

ಆ ಹಟದ ಫಲ ನಿನ್ನೆ ಏಕಾದಶಿ ಸಂಜಿ ಕಣ್ಣಾರೆ ಕಂಡೆ. ನಾವು ಇಳಕೊಂಡ ಗುಜರಾತಿ ಮನೆಯವರ ದೊಡ್ಡ ಪಡಸಾಲ್ಯಾಗ ಕೀರ್ತನಿ ಇಟ್ಟಿದ್ರು. ಓಣಿಯ ಅಜ್ಜಿಗಳು, ಮರಾಠಿ ಮನೆಯವರು ಒಂದೆರಡು, ಮತ್ತ ಹಣಿಗೆ ಗೋಪೀಚಂದನ ಹಚ್ಕೊಂಡ ಆಫ್ರಿಕನ್ ಹುಡುಗರು, ಹುಡುಗ್ಯಾರು. ಒಬ್ಬ ಹುಡುಗ ಮೃದಂಗ ಬಾರಿಸಿದ, ಅವನ ಎಡಗೈ ತೂಕ ನಿಮ್ಮ ತಬಲಾ ಉಸ್ತಾದರು ಕೇಳಿದ್ರ ಭೇಷ್ ಅಂತಿದ್ರು. ನಾ "ರಾಮಕೃಷ್ಣ ಹರಿ" ಎತ್ತಿಕೊಂಡೆ, ನೀವು ಕಲಿಸಿದ ಭೈರವಿ ಚಾಲಿನ್ಯಾಗ. ಮೊದಲನೇ ಉತ್ತರಕ್ಕ ನನ್ನ ದನಿ ನಿಂತು ಹೋತು. ನಾವು ಊರಾಗ ಎಲ್ಲಾರೂ ಒಂದ ಸ್ವರಾ ಹಿಡೀತೀವಲ್ಲ, ಇವರು ಹಂಗ ಮಾಡೂದಿಲ್ಲ. ಸಣ್ಣಂದಿನಿಂದ ಚರ್ಚಿನ್ಯಾಗ ಹಾಡಿ ಬೆಳದ ಕೊರಳು. ಗಂಡಹುಡುಗರು ಕೆಳಗ ಮಂದ್ರದಾಗ ಒಂದು ಸ್ವರಾ ಹಿಡದು ನಿಂತ್ರು, ಹುಡುಗ್ಯಾರು ಅರ್ಧಾ ಮಂದಿ ನನ್ನ ಚಾಲಿನ್ಯಾಗ, ಇನ್ನರ್ಧಾ ಮಂದಿ ಅದರ ಮ್ಯಾಲ. ಒಂದ "ಹರಿ" ಮೂರು ಪದರಾಗಿ ಬಂತು. ಪಡಸಾಲಿ ಗ್ವಾಡಿ ಗುಂಯ್ ಅಂತು. ಬಾಜೂಕಿದ್ದ ಅಜ್ಜಿ ನನ್ನ ಮೊಣಕಾಲು ಒತ್ತಿ, ಹಾಡು ಅಂತ ಸನ್ನಿ ಮಾಡಿದಳು. ಆಮ್ಯಾಲ ನನಗ ಹೊತ್ತು ತಿಳಿಲಿಲ್ಲ. ಲಯ ಏರ್ಕೋತ ಹೋತು, ಮಂದಿ ಎದ್ದು ನಿಂತ್ರು, ಇವರು ಸೈತ ಕೈ ಎತ್ತಿ ಕುಣದ್ರು, ಅವ್ವಾ!

ನಾಮ ಯಾರಿಗೆ ಹೇಳ್ತಿ ಅಂದ್ರಿ. ಈ ಮಂದಿಗೆ ಹೇಳಿದೆ ಅಪ್ಪಾ, ಮತ್ತ ಈ ಮಂದಿ ನನಗ ಹೇಳಿದ್ರು. ಮುಂದಿನ ಸಪ್ತಾಹಕ್ಕ ನಮ್ಮ ಮಂಡಳ್ಯಾಗೂ ಹಿಂಗ ಮಂದ್ರದ ಸ್ವರಾ ಒಂದು ಗುಂಪಿಗೆ ಹಚ್ಚಿ ನೋಡೂಣು. ರೆಕಾರ್ಡಿಂಗ್ ತರ್ತೀನಿ, ಕೇಳಿ ಬ್ಯಾಡ ಅನಸಿದ್ರ ಬಿಡೂಣು.

ಇನ್ನೊಂದು ಮಾತು. ನಮ್ಮ ಯಡಹಳ್ಳಿ ಕಾಡು ಬೀಳಗಿ, ಮುಧೋಳ ತಾಲೂಕಿನ್ಯಾಗನ ಐತಿ, ಚಿಂಕಾರಾ ಚಿಗರಿ ಸಲುವಾಗಿ ಸರ್ಕಾರ ವನ್ಯಧಾಮ ಮಾಡೈತಿ. ಈಟು ವರ್ಷ ಅದರ ಬಾಜೂಕ ಬಸ್ಸಿನ್ಯಾಗ ಅಡ್ಡಾಡೀವಿ, ನಿಂತು ನೋಡಿಲ್ಲ. ನಾ ಬಂದ ಮ್ಯಾಲ ಅರಣ್ಯ ಇಲಾಖೆಯವರನ್ನ ಕೇಳಿ ತಮ್ಮನ ಮಕ್ಕಳನ್ನ ಕರಕೊಂಡು ಹೋಗ್ತೀನಿ. ನೀವೂ ಬರ್ರಿ. ಅಲ್ಲಿಯ ಹಳ್ಳಿ ಗುಡಿಯವರು ಶ್ರಾವಣದ ಭಜನಿಗೆ ನಿಮ್ಮನ್ನ ಕರೀತಾರಲ್ಲ, ಈ ಸಲ ಹೋದಾಗ ಹಾರ್ನ್ ಸ್ಪೀಕರ್ ಬ್ಯಾಡ ಅಂತ ಹೇಳ್ರಿ. ಗುಡಿಯೊಳಗ ಕೂತವರಿಗೆ ನಿಮ್ಮ ದನಿ ಸಾಕಷ್ಟು ಮುಟ್ಟತೈತಿ. ರಾತ್ರಿಪೂರ್ತಿ ಕಾಡಿನ ಕಡೆ ಮುಖ ಮಾಡಿ ಹಾರ್ನ್ ಒದರಿದ್ರ ಚಿಗರಿ ಎಲ್ಲಿಗೆ ಹೋಗಬೇಕು? ನೀವು ಹೇಳಿದ್ರ ಕೇಳ್ತಾರ, ನಾ ಹೇಳಿದ್ರ ಕೇಳೂದಿಲ್ಲ.

ಆ ಮೃದಂಗದ ಹುಡುಗ ನನ್ನ ತಾಳದ ಜೋಡಿ ಕೈಯಾಗ ಹಿಡದು ಭಾಳ ಹೊತ್ತು ಬಾರಿಸಿ ನೋಡಿದ. ಇಲ್ಲಿ ಸಿಗೂ ತಾಳಕ್ಕ ಇಂಥಾ ನಾದ ಇಲ್ಲಂತ. ನೀವು ಪಂಢರಪುರದಾಗ ಕೊಡಿಸಿದ ಜೋಡಿ ಅದು, ನಿಮ್ಮನ್ನ ಕೇಳದ ಕೊಡೂದಿಲ್ಲ. ಹೂಂ ಅಂದ್ರ ಅವನಿಗೆ ಕೊಟ್ಟು ಬರ್ತೀನಿ, ತಮ್ಮನ ಕಡೆಯಿಂದ ಒಂದು ಮೆಸೇಜ್ ಹಾಕಸ್ರಿ.

ಅಪ್ಪಾ, ಬಿಪಿ ಗುಳಗಿ ತಪ್ಪಸಬ್ಯಾಡ್ರಿ. ಅವ್ವಾ, ಮೊಣಕಾಲಿಗೆ ಎಣ್ಣಿ ಹಚ್ಚಿಕೋ, ಬಾವಿ ಕಡೆ ಕೊಡ ಹೊತ್ಕೊಂಡು ಹೋಗಬ್ಯಾಡ, ವೈನಿ ತರ್ತಾಳ. ವೈನಿಗೆ ಇಲ್ಲಿಯ ಚಹಾಪುಡಿ ತಗೊಂಡೀನಿ, ಮಕ್ಕಳಿಗೆ ಮಣಿಸರ. ಓಣಿಯ ಎಲ್ಲಾರಿಗೂ, ಮಂಡಳಿಯ ಹಿರಿಯರಿಗೂ ನನ್ನ ಮತ್ತ ಇವರ ನಮಸ್ಕಾರ ತಿಳಸ್ರಿ.

ಇಂತಿ ನಿಮ್ಮ ಪ್ರೀತಿಯ
ಹಿರಿಮಗಳು